ಅನ್ನ ಬಿಡಬೇಕಾಗಿಲ್ಲ, ಸೌಟು ಲೆಕ್ಕ ಇಟ್ಟರೆ ಸಾಕು

ಪ್ರಿಡಯಾಬಿಟೀಸ್ (ಸಕ್ಕರೆ ಕಾಯಿಲೆಗೆ ಮುಂಚಿನ ಹಂತ) ಇದ್ದವರು ಅನ್ನ ಬಿಟ್ಟು ಚಪಾತಿ ತಿನ್ನಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಶಿರಸಿ ಕಡೆ ಇದು ನಡೆಯುವ ಮಾತಲ್ಲ ಬಿಡಿ.

ಎರಡು ವರ್ಷದ ಹಿಂದೆ ನನ್ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಪ್ರಿಡಯಾಬಿಟೀಸ್. ಏನೇನು ತಿಂತೀರಿ ಅಂತ ಡಾಕ್ಟರು ಕೇಳಿದರು. ಬೆಳಿಗ್ಗೆ ತೆಳ್ಳೇವು (ತೆಳು ಅಕ್ಕಿ ದೋಸೆ), ಜೋನಿ ಬೆಲ್ಲ (ನೀರು ಬೆಲ್ಲ). ಮಧ್ಯಾಹ್ನ ಅನ್ನ ತಂಬುಳಿ, ಅನ್ನ ಸಾರು, ಅನ್ನ ಮಜ್ಜಿಗೆ. ಹೇಳ್ತಾ ಹೇಳ್ತಾ ನನಗೇ ನಗು ಬಂತು. ಕಾಳಿನ ಸುದ್ದಿಯೇ ಇಲ್ಲ!

ಚಪಾತಿಯೂ ಕಾರ್ಬೋಹೈಡ್ರೇಟೇ ಅಲ್ವಾ? 2025ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನವೂ (ಸಕ್ಕರೆ ಕಾಯಿಲೆ ಬಗ್ಗೆ ದೇಶದಾದ್ಯಂತ ನಡೆದ ಸಮೀಕ್ಷೆ) ಇದನ್ನೇ ಹೇಳಿದೆ. ನಮ್ಮ ದೇಶದವರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಒಟ್ಟು ಪ್ರಮಾಣ ಇಳಿಸದೆ ಸುಮ್ನೆ ಗೋಧಿಗೋ ಸಿರಿಧಾನ್ಯಕ್ಕೋ ಬದಲಾಯಿಸಿದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾದಂತೆ ಕಾಣಲಿಲ್ಲವಂತೆ. ಊಟದ ಒಟ್ಟು ಶಕ್ತಿಯಲ್ಲಿ ಶೇ. 5ರಷ್ಟು ಕಾರ್ಬೋಹೈಡ್ರೇಟಿನ ಬದಲು ಕಾಳು, ಹಾಲು-ಮೊಸರು, ಮೊಟ್ಟೆ, ಮೀನಿನ ಪ್ರೋಟೀನಿನಿಂದ ಬಂದರೆ ಅಪಾಯ ಕಡಿಮೆ ಎಂದು ಅದರ ಲೆಕ್ಕಾಚಾರದಲ್ಲಿ ಕಂಡಿದೆ.

ನಾನು ಮೂರು ಸೌಟು ಅನ್ನವನ್ನು ಒಂದೂವರೆಗೆ ಇಳಿಸಿದೆ. ಜೊತೆಗೆ ಮೊಳಕೆ ಹೆಸರುಕಾಳಿನ ಪಲ್ಯ ಒಂದು ಬಟ್ಟಲು, ಗಟ್ಟಿ ಮೊಸರು. ಮೊದಲು ಪಲ್ಯ, ಆಮೇಲೆ ಅನ್ನ. ಹಾಗೆ ತಿಂದರೆ ಶುಗರ್ ಒಮ್ಮೆಗೇ ಜಿಗಿಯುವುದಿಲ್ಲ. ಕುಮಟಾದ ಭಾವನಿಗೆ ಪ್ರೋಟೀನ್ ಹುಡುಕುವ ತಾಪತ್ರಯವೇ ಇಲ್ಲ, ಬಂಗಡೆ ಸಾರು ಇದ್ದೇ ಇರುತ್ತದೆ. ಆದರೆ ಅವನ ಅನ್ನದ ಗುಡ್ಡ ನೋಡಬೇಕು ನೀವು!

ಈಗ ನನ್ನದು 5.8. ಜೋನಿ ಬೆಲ್ಲ ಭಾನುವಾರ ಮಾತ್ರ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬೇಡಿ.