ಯೂಸ್ಟನ್ ಕಮಾನನ್ನು ಮತ್ತೆ ಕಟ್ಟಬೇಕೇ?

ಪರ: ಕಲ್ಲು ಇನ್ನೂ ಇದೆ

ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣ ತೆರೆದದ್ದು 1837ರ ಜುಲೈನಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬಂದ ಮರುತಿಂಗಳು. ಬರ್ಮಿಂಗ್‌ಹ್ಯಾಮ್‌ಗೆ ಹೋಗುವ ಹೊಸ ಹಳಿಗೆ ಹೆಬ್ಬಾಗಿಲೆಂದು ವಾಸ್ತುಶಿಲ್ಪಿ ಫಿಲಿಪ್ ಹಾರ್ಡ್‌ವಿಕ್ ರೂಪಿಸಿದ್ದು ನಾಲ್ಕು ಡೋರಿಕ್ (ಹಳೆಯ ಗ್ರೀಕ್ ಶೈಲಿಯ) ಕಂಬಗಳ, ಸುಮಾರು 70 ಅಡಿ ಎತ್ತರದ ಕಲ್ಲಿನ ದ್ವಾರ; ಅದೇ ಯೂಸ್ಟನ್ ಕಮಾನು. ಹೊರಗೆ ಗ್ರೀಕ್ ದೇಗುಲದ ಗತ್ತು, ಒಳಗೆ ಉಗಿಬಂಡಿಯ ಹೊಗೆ! 1849ರಲ್ಲಿ ಅವನ ಮಗ ಭವ್ಯ ಸಭಾಂಗಣವನ್ನೂ ಸೇರಿಸಿದ.

ಹೊಸ ನಿಲ್ದಾಣಕ್ಕಾಗಿ 1961-62ರಲ್ಲಿ ಎಲ್ಲವನ್ನೂ ಕೆಡವಿದರು. ಕವಿ ಜಾನ್ ಬೆಟ್ಜಮನ್ ಮತ್ತಿತರರು ಮೊರೆಯಿಟ್ಟರೂ ಪ್ರಧಾನಿ ಮ್ಯಾಕ್‌ಮಿಲನ್ ಕದಲಲಿಲ್ಲ. ಕೆಡವುವ ಗುತ್ತಿಗೆದಾರ ಫ್ರ್ಯಾಂಕ್ ವಲೋರಿ, ಕಲ್ಲುಗಳಿಗೆ ಸಂಖ್ಯೆ ಹಾಕಿ ತೆಗೆದಿಡುತ್ತೇನೆ ಎಂದ, ಅದೂ ಬೇಡವಾಯಿತು. ಸುತ್ತಿಗೆ ಹಿಡಿದವನಿಗಿದ್ದ ಕನಿಕರ ಸರ್ಕಾರಕ್ಕೆ ಇರಲಿಲ್ಲ.

ಆದರೆ ಕಲ್ಲು ಸಾಯಲಿಲ್ಲ. 1994ರಲ್ಲಿ ಇತಿಹಾಸಕಾರ ಡ್ಯಾನ್ ಕ್ರುಕ್‌ಶ್ಯಾಂಕ್ ಪೂರ್ವ ಲಂಡನ್ನಿನ ಪ್ರೆಸ್ಕಾಟ್ ಕಾಲುವೆಯ ತಳದಲ್ಲಿ ಅವನ್ನು ಪತ್ತೆ ಮಾಡಿದರು. ಗುಂಡಿ ತುಂಬಿಸಲು ಸುರಿದಿದ್ದರಂತೆ! ಯಾರ್ಕ್‌ಶೈರಿನ ಆ ಕಲ್ಲು ನೀರಿನಲ್ಲೂ ಗಟ್ಟಿಯಾಗಿಯೇ ಉಳಿದಿತ್ತು. ಇನ್ನೇನು ಬೇಕು? ಖರ್ಚು ಖರ್ಚು ಎಂದು ಗೊಣಗುವವರ ಕೈಗೆ ಕೊಟ್ಟರೆ ಹಂಪಿಯನ್ನೂ ಜಲ್ಲಿ ಮಾಡಿ ಮಾರಿಯಾರು. ಮೇಲೆತ್ತಿ, ಕಟ್ಟಿ.

ವಿರೋಧ: ಯಾರು ನೋಡುತ್ತಿದ್ದರು?

ಈ ಪಕ್ಷ ನನ್ನ ಪಾಲಿಗೆ ಬಂದಿದೆ, ವಾದಿಸುತ್ತೇನೆ. ಕೆಡವಬಾರದಿತ್ತು, ನಿಜ. ಆದರೆ 1881ರಷ್ಟು ಹಿಂದೆಯೇ ಮುಂದಿನ ಹೋಟೆಲನ್ನು ಬೆಳೆಸಿ, ಯೂಸ್ಟನ್ ರಸ್ತೆಗೆ ಆ ದ್ವಾರ ಕಾಣದಂತೆ ಮಾಡಿದವರೂ ಅದೇ ವಿಕ್ಟೋರಿಯನ್ನರು. ಅಭಿಮಾನಿಗಳು ಇದನ್ನು ಹೇಳುವುದಿಲ್ಲ.

ನಮ್ಮ ಅಜ್ಜನ ತೊಟ್ಟಿಮನೆಯನ್ನು ಬಿಚ್ಚಿದಾಗ ಹಲಸಿನ ಕಂಬಗಳನ್ನು ಒಂದು ರೆಸಾರ್ಟಿನವರು ಕೊಂಡರು. ಅತ್ತೆಯನ್ನು ಕರೆದುಕೊಂಡು ನೋಡಲು ಹೋದೆವು. ಉಜ್ಜಿ, ವಾರ್ನಿಷ್ ಬಳಿದು, ಊಟದ ಹಾಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ, ಮಕ್ಕಳ ಎತ್ತರಕ್ಕೆ ಗೀರಿದ ಗೆರೆಗಳು, ದೀಪದ ಮಸಿ, ಯಾವುದೂ ಇರಲಿಲ್ಲ. ಅತ್ತೆ ಒಂದೊಂದು ಕಂಬವನ್ನೂ ಸವರಿ, "ಇದು ನಮ್ಮದಲ್ಲ ಬಿಡೋ, ಕಾಫಿ ಕುಡಿದು ಹೋಗೋಣ" ಎಂದರು. ಕಾಫಿಯ ಬೆಲೆ ನೋಡಿದ ಮೇಲೆ ಅದೂ ಬೇಡವೆಂದರು.

ಇರಲಿ. ವಿಕ್ಟೋರಿಯನ್ ನಿಲ್ದಾಣವೇ ಬೇಕೆನ್ನುವವರಿಗೆ, ಅದೇ ರಸ್ತೆಯಲ್ಲಿ ಪೂರ್ವಕ್ಕೆ ಸ್ವಲ್ಪ ನಡೆದರೆ 1868ರ ಸೇಂಟ್ ಪ್ಯಾಂಕ್ರಾಸ್ ಇದೆ. ಅಲ್ಲಿಂದ ರೈಲೂ ಹೊರಡುತ್ತದೆ.