ಸೊಟ್ಟಗಿದ್ದರೆ ಮಾತ್ರ ಸರಿ

2011ರ ಜುಲೈ 27ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಂದು ಭಾರಿ ಪ್ರಶ್ನೆಗೆ ಉತ್ತರ ಕೊಟ್ಟರು. ಸ್ಟಾರ್ ವಾರ್ಸ್ ಸಿನಿಮಾದ ಬಿಳಿ ಸೈನಿಕ, ಅದೇ ಸ್ಟಾರ್ಮ್‌ಟ್ರೂಪರ್, ತಲೆಗೆ ಹಾಕಿಕೊಳ್ಳುವ ಹೆಲ್ಮೆಟ್ ಶಿಲ್ಪವೋ ಅಲ್ಲವೋ? ನಗಬೇಡಿ. ಶಿಲ್ಪ ಅಂತಾದರೆ ಮಾಡಿದವರು ತೀರಿಕೊಂಡ ಮೇಲೂ 70 ವರ್ಷ ಕಾಪಿರೈಟ್, ಅಂದರೆ ನಕಲು ತಡೆಯುವ ಹಕ್ಕು, ಉಳಿಯುತ್ತದೆ. ಅಲ್ಲ ಅಂತಾದರೆ 15 ವರ್ಷಕ್ಕೆ ಕಥೆ ಮುಗೀತು. 1970ರ ದಶಕದಲ್ಲಿ ಆ ಹೆಲ್ಮೆಟ್‌ಗಳನ್ನು ಪ್ಲಾಸ್ಟಿಕ್ಕಿನಲ್ಲಿ ತೆಗೆದುಕೊಟ್ಟಿದ್ದ ಆಂಡ್ರ್ಯೂ ಐನ್ಸ್‌ವರ್ತ್ ಎಷ್ಟೋ ವರ್ಷಗಳ ಮೇಲೆ ಮತ್ತೆ ಅದನ್ನೇ ಮಾಡಿ ಮಾರತೊಡಗಿದರು, ಸಿನಿಮಾ ತೆಗೆದ ಲ್ಯೂಕಾಸ್‌ಫಿಲ್ಮ್ ಕಂಪನಿ ಕೋರ್ಟಿಗೆ ಹೋಯಿತು, ಅಮೆರಿಕದ ಕೋರ್ಟು 2 ಕೋಟಿ ಡಾಲರ್ ಕಟ್ಟಿ ಅಂದಿತು, ಬ್ರಿಟನ್ನಿನಲ್ಲಿ ಕೇಸು ಮೂರು ಕೋರ್ಟು ಹತ್ತಿತು. ಕೊನೆಗೆ ಬಂದ ತೀರ್ಪು: ಇದು ಶಿಲ್ಪ ಅಲ್ಲ. ಸಿನಿಮಾ ತೆಗೆಯೋಕೆ ಬಳಸಿದ ಒಂದು ಸಾಮಾನು, ಅಷ್ಟೇ.

ತೀರ್ಪು ಹೆಲ್ಮೆಟ್ ಭಕ್ತರ ಕಿವಿಗೆ ಬಿದ್ದಂತಿಲ್ಲ. ಬೀಳೋದಾದರೂ ಹೇಗೆ, ಕಿವಿ ಹೆಲ್ಮೆಟ್ ಒಳಗಿದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸಿನಿಮಾದಲ್ಲಿ ಕಂಡ ಕವಚ, ಹೆಲ್ಮೆಟ್‌ಗಳನ್ನು ತಾವೇ ಮಾಡಿ ತೊಟ್ಟುಕೊಳ್ಳುವವರ ದೊಡ್ಡ ಬಳಗವೇ ಲೋಕದ ತುಂಬ ಇದೆ. ಕೆಲವರು ಇವಿಎ ಅನ್ನೋ ಮೆತ್ತನೆಯ ಫೋಮ್ ಹಾಳೆ ಕತ್ತರಿಸಿ ಹೀಟ್ ಗನ್ನಿನಿಂದ ಬಗ್ಗಿಸುತ್ತಾರೆ. ಕೆಲವರು ಪೆಪಾಕುರಾ ಅನ್ನೋ ಸಾಫ್ಟ್‌ವೇರಿನಿಂದ ಕಾಗದದ ತುಂಡುಗಳನ್ನು ಪ್ರಿಂಟ್ ಹಾಕಿ, ಅಂಟಿಸಿ, ಮೇಲೆ ರೆಸಿನ್ ಬಳಿದು ಗಟ್ಟಿ ಮಾಡುತ್ತಾರೆ. ಈಗೀಗ 3ಡಿ ಪ್ರಿಂಟರ್ ಜಾಸ್ತಿ. ಪ್ರಿಂಟರ್ ತನ್ನ ಪಾಡಿಗೆ ಹೆಲ್ಮೆಟ್ ಕಕ್ಕಿ ಸುಮ್ಮನಾಗುತ್ತದೆ, ಆಮೇಲೆ ಅದರ ಪದರದ ಗೆರೆಗಳನ್ನು ಅಳಿಸೋ ಕರ್ಮ ಮನುಷ್ಯನದು. ಪುಟ್ಟಿ ಮೆತ್ತು, ಉಜ್ಜು, ಪ್ರೈಮರ್ ಹೊಡಿ, ಬೆಳಕಿಗೆ ಹಿಡಿ, ಗೆರೆ ಕಂಡಿತಾ, ಮತ್ತೆ ಉಜ್ಜು. ಈ ಕೈಗೆಲಸದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಕೈಯಲ್ಲಿ ಏನಾದರೂ ಮಾಡುವವರನ್ನು ಕಂಡರೆ ನನಗೆ ಗೌರವವೇ. ತಕರಾರು ಇರೋದು ಉಜ್ಜಿ ಮುಗಿದ ಮೇಲೆ ಬರುವ ತನಿಖಾಧಿಕಾರಿಗಳ ಬಗ್ಗೆ.

ಇವರ ಬಾಯಲ್ಲಿ ಸದಾ ಇರುವ ಮಂತ್ರ 'ಸ್ಕ್ರೀನ್ ಆ್ಯಕ್ಯುರೇಟ್'. ಪರದೆ ಮೇಲೆ ಹೇಗಿತ್ತೋ ಹಾಗೇ ಇರಬೇಕು, ಕೂದಲೆಳೆ ಆಚೀಚೆ ಆಗಬಾರದು. ಸರಿ, ಪರದೆ ಮೇಲೆ ಹೇಗಿತ್ತು?

ಕೆಟ್ಟದಾಗಿತ್ತು. ನಿಜ ಹೇಳ್ತೀನಿ. ಮೊದಲ ಸಿನಿಮಾ ಶೂಟಿಂಗ್ ನಡೆದದ್ದು 1976ರಲ್ಲಿ. ದುಡ್ಡು ಕಮ್ಮಿ, ಟೈಮು ಅದಕ್ಕಿಂತ ಕಮ್ಮಿ. ಗುಂಪಿನಲ್ಲಿ ಓಡುವವರಿಗೆ ಸ್ಟಂಟ್ ಹೆಲ್ಮೆಟ್, ಹತ್ತಿರದ ಶಾಟಿಗೆ ಹೀರೋ ಹೆಲ್ಮೆಟ್. ಸ್ಟಂಟ್ ಹೆಲ್ಮೆಟ್ಟಿನ ಪ್ಲಾಸ್ಟಿಕ್ ಬಿಳಿಯದೂ ಅಲ್ಲ, ಮೇಲೆ ಬಿಳಿ ಬಣ್ಣ ಬಳಿದಿದ್ದರು. ಕೆನ್ನೆಯ ಕೊಳವೆಗಳ ಮೇಲಿನ ನೀಲಿ ಪಟ್ಟಿಗಳನ್ನು ಕೈಯಲ್ಲೇ ಎಳೆದರು. ಒಂದು ಹೆಲ್ಮೆಟ್ಟಿನಲ್ಲಿ ಇದ್ದಷ್ಟು ಪಟ್ಟಿ ಇನ್ನೊಂದರಲ್ಲಿಲ್ಲ. ಒಂದು ಪಟ್ಟಿ ದಪ್ಪ, ಪಕ್ಕದ್ದು ಸಪೂರ. ಬ್ರಷ್ ಹಿಡಿದವರಿಗೆ ಮನೆಗೆ ಹೋಗೋ ಆತುರ ಇತ್ತೋ, ಟೀ ಆರುತ್ತಿತ್ತೋ, ದೇವರೇ ಬಲ್ಲ. ಪರದೆಯಲ್ಲಿ ಒಂದು ಕ್ಷಣ ಮಿಂಚಿ ಮಾಯವಾಗೋ ಸೈನಿಕನ ಕೆನ್ನೆಯನ್ನು ಯಾರು ನೋಡ್ತಾರೆ ಅಂದುಕೊಂಡಿದ್ದರು ಪಾಪ.

ನೋಡಿದರು. ಪಾಸ್ ಒತ್ತಿ ನೋಡಿದರು, ಜೂಮ್ ಮಾಡಿ ನೋಡಿದರು, ಸ್ಕೇಲ್ ಇಟ್ಟು ಅಳೆದರು. ಇವತ್ತು ನೀವು ಸ್ಟೆನ್ಸಿಲ್ ಇಟ್ಟು ಅಚ್ಚುಕಟ್ಟಾಗಿ, ಎಲ್ಲ ಪಟ್ಟಿಯೂ ಒಂದೇ ದಪ್ಪಕ್ಕೆ ಬರುವಂತೆ ಬಳಿದಿರಿ ಅನ್ನಿ, ಕಥೆ ಮುಗೀತು. 'ತುಂಬ ನೀಟಾಗಿದೆ' ಅನ್ನುತ್ತಾರೆ, ಬೈಗುಳದ ದನಿಯಲ್ಲಿ. ಕೈ ಸ್ವಲ್ಪ ನಡುಗಬೇಕು. ಸುಮ್ನೆ ನಡುಗಿದರೂ ಆಗೋದಿಲ್ಲ, ಅಂದು ಎಲ್ಲಿ ನಡುಗಿತ್ತೋ ಅಲ್ಲೇ ನಡುಗಬೇಕು. ಬಹುಮಾನ ತಪ್ಪಿಗೆ, ಆದರೆ ತಪ್ಪು ತಪ್ಪಿಲ್ಲದೆ ಬಂದಿರಬೇಕು.

ಅದೇ ಸಿನಿಮಾದ ಕಪ್ಪು ವೇಷದ ಖಳನಾಯಕ ಡಾರ್ತ್ ವೇಡರ್, ಅವನ ಮುಖವಾಡದ್ದು ಇನ್ನೂ ದೊಡ್ಡ ರಾಮಾಯಣ. ಅದನ್ನು ಬ್ರಯಾನ್ ಮ್ಯೂರ್ ಜೇಡಿಮಣ್ಣಿನಲ್ಲಿ ಕೈಯಾರೆ ತಿದ್ದಿದ್ದು, ಹಾಗಾಗಿ ಎಡಗೆನ್ನೆ ಬಲಗೆನ್ನೆ ಒಂದೇ ಥರ ಇಲ್ಲ. ಮನುಷ್ಯನ ಕೈ, ಇರೋದೇ ಹಾಗೆ. ಆದರೆ ಬಳಗದಲ್ಲಿ ಈಗ ಸೊಟ್ಟ ಮುಖವೇ ಅಸಲಿ, ನೆಟ್ಟಗಿದ್ದರೆ ನಕಲಿ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇದೇ ಸರಣಿಯ 2005ರ ಸಿನಿಮಾಕ್ಕೆ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಆ ಮುಖವಾಡದ ಎರಡೂ ಬದಿಯನ್ನು ಸಮ ಮಾಡಿಬಿಟ್ಟರು. ಈಗ 2005ರ ವೇಡರ್ ಆಗಬೇಕಾದರೆ ನೆಟ್ಟಗಿರಬೇಕು, 1977ರ ವೇಡರ್ ಆಗಬೇಕಾದರೆ ಸೊಟ್ಟಗಿರಬೇಕು. ಕಥೆಯ ಲೆಕ್ಕದಲ್ಲಿ 2005ರದ್ದು ಮೊದಲು ನಡೆದದ್ದು, 1977ರದ್ದು ಆಮೇಲೆ. ಅಂದರೆ ಪಾಪದ ವೇಡರ್ ನೆಟ್ಟಗಿನ ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಸೇರಿ, ವರ್ಷಗಟ್ಟಲೆ ದುಡಿದು ಸೊಟ್ಟಗಾದ. ಆಫೀಸಿಗೆ ಹೋಗುವ ಯಾರಿಗಾದರೂ ಇದು ಸಹಜ ಅನಿಸಬಹುದು.

ತನಿಖೆ ನಡೆಯೋ ರೀತಿಯನ್ನು ಹತ್ತಿರದಿಂದ ನೋಡಬೇಕು. ಖಳನಾಯಕರ ವೇಷ ತೊಟ್ಟು ದಾನಧರ್ಮದ ಕೆಲಸ ಮಾಡುವ 501ನೇ ಲೀಜನ್ ಅನ್ನೋ ಸಂಘ 1997ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಈಗ ಎಷ್ಟೋ ದೇಶಗಳಲ್ಲಿದೆ. ಆಸ್ಪತ್ರೆಗೆ ಹೋಗಿ ಮಕ್ಕಳನ್ನು ನಗಿಸುತ್ತಾರೆ, ಒಳ್ಳೆ ಕೆಲಸ. ಆದರೆ ಸೇರಬೇಕಾದರೆ ಕವಚ ತೊಟ್ಟು ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ ಫೋಟೋ ತೆಗೆದು ಕಳಿಸಬೇಕು, ಒಬ್ಬ ಅಧಿಕಾರಿ ನಿಯಮಾವಳಿಗೆ ತಾಳೆ ನೋಡಿ ಒಪ್ಪಬೇಕು. ಒಪ್ಪಿದರೆ ನಂಬರ್ ಸಿಗುತ್ತದೆ. ಸಾಲದು ಅಂದರೆ ಸ್ಟಾರ್ಮ್‌ಟ್ರೂಪರಿಗೆ ಅದರ ಮೇಲೂ ಎರಡು ಮೆಟ್ಟಿಲಿವೆ, ತುತ್ತತುದಿಯದಕ್ಕೆ ಸೆಂಚುರಿಯನ್ ಅಂತ ಹೆಸರು. ಅದಕ್ಕೂ ಫೋಟೋ, ಇನ್ನೂ ಹತ್ತಿರದ ಫೋಟೋ.

ಹೀಗೆ ಊಹಿಸಿಕೊಳ್ಳಿ. ರಾತ್ರಿ ಹನ್ನೊಂದು ಗಂಟೆ. ಹಾಲಿನ ಸೋಫಾ ಗೋಡೆಗೆ ಸರಿಸಿದೆ. ಮಧ್ಯದಲ್ಲಿ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಯಜಮಾನರು ಕೈ ಅಗಲಿಸಿ ನಿಂತಿದ್ದಾರೆ, ಇಳಿಸೋಕೆ ಬರೋದಿಲ್ಲ, ಕಂಕುಳಲ್ಲಿ ಕವಚದ ಅಂಚು ಕಚ್ಚುತ್ತದೆ. ಹೆಂಡತಿ ಮೊಬೈಲ್ ಹಿಡಿದು ನೆಲದ ಮೇಲೆ ಕೂತಿದ್ದಾರೆ.

'ಇನ್ನೆಷ್ಟು ಫೋಟೋ ರೀ?'

'ಎಡ ಮೊಣಕಾಲಿಂದು ಒಂದು. ಕಿವಿ ಸ್ಕ್ರೂದು ಒಂದು.'

'ಸ್ಕ್ರೂ ಫೋಟೋ ಯಾಕೆ?'

'ಪ್ಲಸ್ ಸ್ಕ್ರೂ ಹಾಕಿಲ್ಲ ಅಂತ ಗೊತ್ತಾಗಬೇಕಲ್ವಾ. ಒಂದೇ ಗೀರಿನದ್ದೇ ಇರಬೇಕು.'

ಹೆಂಡತಿ ಏನೂ ಅನ್ನೋದಿಲ್ಲ. ಮದುವೆಯಲ್ಲಿ ತಾವಿಬ್ಬರೂ ತೆಗೆಸಿಕೊಂಡದ್ದಕ್ಕಿಂತ ಜಾಸ್ತಿ ಫೋಟೋ ಆ ಕಿವಿಯದ್ದಾಗಿದೆ ಅಂತ ಲೆಕ್ಕ ಹಾಕುತ್ತಿರಬಹುದು. ಕೆಲವು ದಿನಕ್ಕೆ ಉತ್ತರ ಬರುತ್ತದೆ. ಬಹಳ ಚೆನ್ನಾಗಿದೆ, ಅಭಿನಂದನೆ, ಆದರೆ ಕಿವಿಗೂ ಕೆನ್ನೆಗೂ ನಡುವೆ ಸಂದು ತುಸು ಜಾಸ್ತಿ, ಸರಿಪಡಿಸಿ ಮತ್ತೆ ಕಳಿಸಿ. ಇವರು ಆ ಸಂದನ್ನು ಮುಚ್ಚೋಕೆ ಎಬಿಎಸ್ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಪೇಸ್ಟ್ ಮಾಡಿಕೊಂಡು ಕೂರುತ್ತಾರೆ. ಇದೇ ಮನುಷ್ಯನಿಗೆ ಯಾವುದೋ ಕಚೇರಿಯಲ್ಲಿ ಅರ್ಜಿ ಜೊತೆ ಇನ್ನೊಂದು ಫೋಟೋ ತನ್ನಿ ಅಂದು ನೋಡಿ, ವ್ಯವಸ್ಥೆಯೇ ಕೆಟ್ಟುಹೋಗಿದೆ ಅಂತ ಕೂಗಾಡುತ್ತಾರೆ.

ಇಷ್ಟೆಲ್ಲ ಮಾಡೋದು ಯಾವ ಕವಚಕ್ಕೆ? ಸಿನಿಮಾದಲ್ಲಿ ಒಂದೇ ಒಂದು ಗುಂಡು ತಡೆಯದ ಕವಚಕ್ಕೆ. ಬಂದೂಕಿನ ಬೆಳಕು ತಾಕಿದರೆ ಸೈನಿಕ ಮಕಾಡೆ. 1983ರ ಸಿನಿಮಾದಲ್ಲಂತೂ ಸೊಂಟದೆತ್ತರದ ರೋಮದ ಗೊಂಬೆಗಳಂಥ ಜೀವಿಗಳು ಕಲ್ಲು, ದೊಣ್ಣೆ ಹಿಡಿದು ಈ ಸೈನ್ಯವನ್ನು ಬಡಿದು ಹಾಕುತ್ತವೆ. ಒಳಗಿಂದ ಕಣ್ಣೂ ಸರಿಯಾಗಿ ಕಾಣೋದಿಲ್ಲ. ಮೊದಲ ಸಿನಿಮಾದಲ್ಲಿ ಒಬ್ಬ ಸೈನಿಕ ಒಳಗೆ ಬರುವಾಗ ಬಾಗಿಲಿಗೆ ತಲೆ ಹೊಡೆದುಕೊಳ್ಳುತ್ತಾನೆ, ಆ ಶಾಟನ್ನು ತೆಗೆದುಹಾಕಲಿಲ್ಲ, 2004ರ ಡಿವಿಡಿಯಲ್ಲಿ ಅದಕ್ಕೆ 'ಟಣ್' ಅಂತ ಸದ್ದನ್ನೂ ಸೇರಿಸಿದರು. ಈ ಕುರುಡೂ ಈಗ ಆ್ಯಕ್ಯುರೇಟ್. ಮೇಳಗಳಲ್ಲಿ ಕವಚಧಾರಿಗಳ ಪಕ್ಕ ಒಬ್ಬರು ಮಾಮೂಲಿ ಬಟ್ಟೆಯಲ್ಲಿ ನಡೆಯುತ್ತಿರುತ್ತಾರೆ ನೋಡಿ. 'ಮೆಟ್ಟಿಲಿದೆ ಸರ್, ಎಡಕ್ಕೆ ಮಗು ಇದೆ ಸರ್' ಅಂತ ಕೈ ಹಿಡಿದು ದಾಟಿಸೋದು ಅವರ ಕೆಲಸ. ಗ್ಯಾಲಕ್ಸಿಯನ್ನೇ ನಡುಗಿಸಿದ ಸೈನ್ಯ ಮೆಟ್ಟಿಲಿಳಿಯೋ ರೀತಿ ಇದು.

ಆಯುಧಗಳ ಕಡೆ ಬಂದರೆ ಇನ್ನೂ ಮಜ. ಸಿನಿಮಾದ ನಾಯಕ ಲ್ಯೂಕ್ ಸ್ಕೈವಾಕರನ ಬೆಳಕಿನ ಕತ್ತಿಯ ಹಿಡಿ ಅಂದರೆ ಗ್ರಾಫ್ಲೆಕ್ಸ್ ಕಂಪನಿಯ ಹಳೇ ಪ್ರೆಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಅದರ ಮೇಲೆ ಅಂಟಿಸಿದ ಗುಳ್ಳೆ ಗುಳ್ಳೆಯ ಪಟ್ಟಿ ಒಂದು ಕ್ಯಾಲ್ಕುಲೇಟರಿನದ್ದು. ಸಿನಿಮಾದವರು ಸಿಕ್ಕ ಸಾಮಾನಿನಲ್ಲಿ ಕೆಲಸ ಮುಗಿಸಿದ್ದರು, ಜಾಣತನ. ಭಕ್ತರು ಈಗ ಆ ಫ್ಲ್ಯಾಶ್ ಹಿಡಿಗಳನ್ನು ಲೋಕವೆಲ್ಲ ಹುಡುಕಿ ಕೊಳ್ಳುತ್ತಾರೆ, ಹಳೇ ಕ್ಯಾಮೆರಾ ಸಂಗ್ರಹಿಸುವವರು ಬಾಯಿ ಬಡಿದುಕೊಳ್ಳುತ್ತಾರೆ. 1999ರ ಸಿನಿಮಾದಲ್ಲಿ ಕ್ವೈ-ಗಾನ್ ಜಿನ್ ಎಂಬ ಮಹಾಗುರು ಗಂಭೀರವಾಗಿ ಮಾತಾಡುವ ಸಂಪರ್ಕ ಯಂತ್ರ ಇದೆಯಲ್ಲ, ಅದರ ಮೂಲ ಜಿಲೆಟ್ ಕಂಪನಿಯ ಹೆಂಗಸರ ರೇಜರ್. ಆ ಮಾಡೆಲ್ ರೇಜರಿಗಾಗಿ ಗಡ್ಡ ಬಿಟ್ಟ ಗಂಡಸರು ಪರದಾಡುತ್ತಾರೆ.

1980ರ ಸಿನಿಮಾದಲ್ಲಿ ಊರು ಖಾಲಿ ಮಾಡುವ ಗಡಿಬಿಡಿಯಲ್ಲಿ ಒಬ್ಬ ಐಸ್‌ಕ್ರೀಮ್ ಮಾಡುವ ಯಂತ್ರ ಎತ್ತಿಕೊಂಡು ಓಡುತ್ತಾನೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಶಾಟ್. ಅವನಿಗೊಂದು ಹೆಸರು ಸಿಕ್ಕಿತು, ಅವನ ಥರ ಬಟ್ಟೆ ಹಾಕಿಕೊಂಡು ಅದೇ ಯಂತ್ರ ಎತ್ತಿಕೊಂಡು ಮೇಳಗಳಲ್ಲಿ ಗುಂಪುಗುಂಪಾಗಿ ಓಡುವವರು ಹುಟ್ಟಿಕೊಂಡರು. ಇವರ ಬಗ್ಗೆ ಮಾತ್ರ ನನಗೆ ಪ್ರೀತಿ. ತಾವು ಮಾಡ್ತಿರೋದು ತಮಾಷೆ ಅಂತ ಅವರಿಗೆ ಗೊತ್ತು.

ಇನ್ನು ಪರದೆ ಮೇಲೂ ಇರದಿದ್ದ ಕವಚದ ವಿಷಯ. 2002ರ ಸಿನಿಮಾದಲ್ಲಿ ಸಾವಿರಾರು ಕ್ಲೋನ್ ಸೈನಿಕರು ಬರುತ್ತಾರೆ. ಅವರಿಗಾಗಿ ಒಂದೇ ಒಂದು ಕವಚವನ್ನೂ ಹೊಲಿದಿಲ್ಲ, ಒತ್ತಿಲ್ಲ, ಎಲ್ಲವೂ ಕಂಪ್ಯೂಟರಿನ ಕೆಲಸ. ಯಾವ ಮನುಷ್ಯನೂ ತೊಟ್ಟಿರದ ಆ ಕವಚವನ್ನು ಇವರು ಪ್ಲಾಸ್ಟಿಕ್ಕಿನಲ್ಲಿ ಮಾಡಿ ತೊಟ್ಟು, ತೊಡೆಯ ಭಾಗ ಅಸಲಿಗಿಂತ ದಪ್ಪ ಅಂತ ಜಗಳ ಆಡುತ್ತಾರೆ. ಅಸಲಿಗೆ ತೊಡೆಯೇ ಇರಲಿಲ್ಲ ಸ್ವಾಮಿ!

ಎಲ್ಲಕ್ಕಿಂತ ಚಂದದ್ದು ಇವರ ನೀತಿಶಾಸ್ತ್ರ. ಬಳಗದಲ್ಲಿ ಕ್ಷಮೆಯೇ ಇಲ್ಲದ ಪಾಪ ಒಂದಿದೆ, 'ರೀಕ್ಯಾಸ್ಟ್'. ಅಂದರೆ ಒಬ್ಬರು ತಿಂಗಳುಗಟ್ಟಲೆ ಕಷ್ಟಪಟ್ಟು ತಿದ್ದಿದ ಹೆಲ್ಮೆಟ್ಟನ್ನು ಇನ್ನೊಬ್ಬ ಕೊಂಡು, ಅದರಿಂದಲೇ ಅಚ್ಚು ತೆಗೆದು, ಅಗ್ಗಕ್ಕೆ ಮಾರೋದು. ಹಾಗೆ ಮಾಡಿದವನು ಮೈಲಿಗೆ. ಅವನ ಹೆಲ್ಮೆಟ್ ಕೊಂಡವನೂ ಮೈಲಿಗೆ. 'ನನ್ನ ಶ್ರಮವನ್ನು ಕದ್ದ' ಅಂತ ಮೊದಲಿನವರು ಕಣ್ಣೀರಿಡುತ್ತಾರೆ, ನ್ಯಾಯವೇ, ಶ್ರಮ ಶ್ರಮವೇ. ಆದರೆ ಆ ಮೊದಲಿನವರು ತಿದ್ದಿದ್ದು ಯಾರ ಮುಖವನ್ನು? ಸ್ಟುಡಿಯೋದವರನ್ನು ಕೇಳಿದ್ದರಾ? ಕೇಳಿಲ್ಲ. ಕೇಳಿದರೆ 'ಇದು ಗೌರವಾರ್ಪಣೆ' ಅನ್ನುತ್ತಾರೆ. ನಕಲು ಮಾಡಿದರೆ ಗೌರವ, ನಕಲಿನ ನಕಲು ಮಾಡಿದರೆ ಕಳ್ಳತನ. ಬ್ರಿಟನ್ನಿನ ಆ ಐವರ ಮುಂದೆ ಈ ಕೇಸು ಹೋಗಿದ್ದರೆ ಅವರು ಹೆಲ್ಮೆಟ್ ಹಾಕಿಕೊಂಡು ಹಿಂದಿನ ಬಾಗಿಲಿಂದ ಹೊರಟುಹೋಗುತ್ತಿದ್ದರು.

ನಗು ಇನ್ನೂ ಬಾಕಿ ಇದೆ. 2019ರಲ್ಲಿ ತೆರೆಕಂಡ, ಸ್ಟಾರ್ ವಾರ್ಸ್ ಲೋಕದ್ದೇ ಆದ 'ದಿ ಮ್ಯಾಂಡಲೋರಿಯನ್' ಅನ್ನೋ ಸರಣಿಯ ಮೊದಲ ಸೀಸನ್ನಿನ ಒಂದು ದೃಶ್ಯಕ್ಕೆ ಸ್ಟಾರ್ಮ್‌ಟ್ರೂಪರ್‌ಗಳು ರಾಶಿ ರಾಶಿ ಬೇಕಾದರು. ಸ್ಟುಡಿಯೋದವರ ಹತ್ತಿರ ಅಷ್ಟು ಕವಚ ಇರಲಿಲ್ಲ. ಅಸಲಿ ಅಂಗಡಿಯಲ್ಲೇ ಸ್ಟಾಕ್ ಖಾಲಿ. ಕೊನೆಗೆ ಅದೇ 501ನೇ ಲೀಜನ್ನಿನ ಹವ್ಯಾಸಿಗಳನ್ನು ಕರೆದರು. ಅವರು ಮನೆಯಲ್ಲಿ ಕೂಡಿಸಿಟ್ಟ ಕವಚ ತೊಟ್ಟು ಬಂದು ಕ್ಯಾಮೆರಾ ಮುಂದೆ ಸಾಲಾಗಿ ನಿಂತರು.

ಈಗ ಹೇಳಿ, ಯಾವುದು ಸ್ಕ್ರೀನ್ ಆ್ಯಕ್ಯುರೇಟ್? ಹವ್ಯಾಸಿಯ ಕವಚವೇ ಸ್ಕ್ರೀನಿನ ಮೇಲೆ ಬಂತಲ್ಲ. ಆ ಸಾಲಿನಲ್ಲಿ ನಿಂತ ಯಾರಾದರೂ ಹಿಂದಿನ ರಾತ್ರಿ ಅವಸರದಲ್ಲಿ ಸೊಂಟದ ಪಟ್ಟಿಯನ್ನು ತುಸು ವಾರೆಯಾಗಿ ಅಂಟಿಸಿಕೊಂಡಿದ್ದರೆ ಅದು ಇನ್ನು ತಪ್ಪಲ್ಲ, ದಾಖಲೆ. ಎಲ್ಲೋ ಒಬ್ಬರು ಈಗಾಗಲೇ ಆ ಸಂಚಿಕೆಗೆ ಪಾಸ್ ಒತ್ತಿ, ಆ ಪಟ್ಟಿ ಎಷ್ಟು ಡಿಗ್ರಿ ವಾರೆ ಇದೆ ಅಂತ ಅಳೆಯುತ್ತಿದ್ದಾರೆ. ಅದನ್ನು ಅಂಟಿಸಿದವರು ಮಾತ್ರ ಶೂಟಿಂಗ್ ಮುಗಿಸಿ ಮನೆಗೆ ಬಂದವರೇ ಪಟ್ಟಿ ಕಿತ್ತು ನೆಟ್ಟಗೆ ಅಂಟಿಸಿಕೊಂಡಿರುತ್ತಾರೆ, ಅವರಿಗೆ ಸೆಂಚುರಿಯನ್ ಅರ್ಜಿ ಹಾಕೋದು ಬಾಕಿ ಇತ್ತಲ್ಲ.