ಸತ್ಯಾಂಶ: ‘ಹೌಂಡ್ ಡಾಗ್’ ಮೊದಲು ಹಾಡಿದ್ದು ಎಲ್ವಿಸ್ ಅಲ್ಲ

‘ಎಲ್ವಿಸ್ ಪ್ರೀಸ್ಲಿ 1956ರಲ್ಲಿ ಹೌಂಡ್ ಡಾಗ್ ಬರೆದು ಹಾಡಿದ, ರಾಕ್ ಅಂಡ್ ರೋಲ್ ಹುಟ್ಟಿದ್ದೇ ಅಲ್ಲಿಂದ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅಮೆರಿಕದ ಗಾಯಕ ಎಲ್ವಿಸ್ ಆ ವರ್ಷ ಅದನ್ನು ಹಾಡಿದ್ದು ನಿಜ. ಉಳಿದದ್ದು ತಪ್ಪು.

ಅಲಬಾಮಾದ ಕಪ್ಪು ಗಾಯಕಿ ‘ಬಿಗ್ ಮಾಮಾ’ ಥಾರ್ನ್‌ಟನ್ ಲಾಸ್ ಏಂಜಲೀಸ್‌ನಲ್ಲಿ 1952ರ ಆಗಸ್ಟ್ 13ರಂದೇ ಇದನ್ನು ಧ್ವನಿಮುದ್ರಿಸಿದ್ದರು. 1953ರಲ್ಲಿ ಅದು ಅಮೆರಿಕದ ರಿದಮ್ ಅಂಡ್ ಬ್ಲೂಸ್ (ಕಪ್ಪು ಜನರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು. ಹಾಗೆಂದು ‘ಬರೆದದ್ದೂ ಥಾರ್ನ್‌ಟನ್ನೇ’ ಎನ್ನುವಂತಿಲ್ಲ. ಬರೆದವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್.

ಎರಡನ್ನೂ ಒಂದರ ಹಿಂದೊಂದು ಕೇಳಿ. ಹಂದರ ಒಂದೇ, 12 ಬಾರ್‌ಗಳ (ತಾಳದ ಆವರ್ತಗಳ) ಬ್ಲೂಸ್ ಎಂಬ ಕಪ್ಪು ಅಮೆರಿಕನ್ನರ ಹಾಡಿನ ಮಾದರಿ. ಥಾರ್ನ್‌ಟನ್ ಹಾಡುವಾಗ ಲಯ ನಿಧಾನ, ತೂಗಾಟದ್ದು. ಮನೆ ಬಾಗಿಲಿಗೆ ಬಂದು ಬಿದ್ದಿರುವ ಕೆಲಸಗೇಡಿ ಗಂಡಸನ್ನು ಹೆಣ್ಣೊಬ್ಬಳು ‘ಹೌಂಡ್ ಡಾಗ್’ (ಬೇಟೆನಾಯಿ) ಎಂದು ಝಾಡಿಸುತ್ತಿದ್ದಾಳೆ. ಪೀಟ್ ಲೂಯಿಸ್ ಗಿಟಾರ್ ನುಡಿಸುವಾಗ ಆಕೆ ನಡುನಡುವೆ ಗುರುಗುಟ್ಟುತ್ತಾರೆ, ಹುರಿದುಂಬಿಸುತ್ತಾರೆ. ಆ ಗತ್ತು ಯಾವ ಕಾಗದದ ಮೇಲೂ ಬರೆದಿರಲಿಲ್ಲ, ಪೂರ್ತಿ ಆಕೆಯದೇ.

ಎಲ್ವಿಸ್ ಹಾಡಿದ್ದು ಫ್ರೆಡ್ಡಿ ಬೆಲ್ ಎಂಬ ಗಾಯಕನ ತಂಡ ಬದಲಿಸಿಕೊಂಡಿದ್ದ ರೂಪ. ಅದರಲ್ಲಿ ಗಂಡಸು ಮಾಯವಾಗಿ, ಮೊಲ ಹಿಡಿಯಲಾಗದ ನಾಯಿ ಬಂದಿದೆ. ವೇಗ ಹೆಚ್ಚು, ಚರಣಗಳ ನಡುವೆ ಡಿ.ಜೆ. ಫಾಂಟಾನಾ ಅವರ ಡ್ರಮ್‌ನ ಬಿರುಸಾದ ಹೊಡೆತ. ಅದೂ ಸೊಗಸಾದ ಧ್ವನಿಮುದ್ರಣವೇ, ಆದರೆ ಮೂಲವಲ್ಲ.

ಈ ಹಾಡಿನಿಂದ ತಮಗೆ ಸಿಕ್ಕಿದ್ದು 500 ಡಾಲರ್‌ಗಳ ಒಂದು ಚೆಕ್ ಮಾತ್ರ ಎಂದು ಥಾರ್ನ್‌ಟನ್ ಹೇಳುತ್ತಿದ್ದರು. ಸಂಗೀತ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಲ್ವಿಸ್‌ರನ್ನು 1986ರಲ್ಲೇ ಸೇರಿಸಿಕೊಂಡಿತು. 1984ರಲ್ಲಿ ತೀರಿಕೊಂಡ ಥಾರ್ನ್‌ಟನ್‌ರನ್ನು 2024ರಲ್ಲಿ.